ಯೂರೋಪಿನ ಒಂದು ಹಗುರ ಮಾತು

ಅಮೆರಿಕ ಹೊಸದನ್ನು ಕಂಡುಹಿಡಿಯುತ್ತದೆ, ಚೀನ ಅದನ್ನು ತಯಾರಿಸುತ್ತದೆ, ಯೂರೋಪು ಅದಕ್ಕೆ ಕಟ್ಟಳೆ ಬರೆಯುತ್ತದೆ. ಈಚಿನ ವರ್ಷಗಳಲ್ಲಿ ಯೂರೋಪಿನ ವಿದ್ಯಾವಂತರ ಬಾಯಲ್ಲಿ ಇದೊಂದು ಗಾದೆಯೇ ಆಗಿದೆ. ಮಗಳ ಮನೆಯಲ್ಲಿ ಮೂರು ತಿಂಗಳು ಇರಲೆಂದು ನೆದರ್ಲೆಂಡ್ಸಿನ ಐಂಡ್‌ಹೋವನ್ ಊರಿಗೆ ಹೋಗಿದ್ದಾಗ ನಾನು ಇದನ್ನು ಎಣಿಸಿ ನಾಲ್ಕು ಬಾರಿ ಕೇಳಿದೆ. ಹೇಳಿದವರೆಲ್ಲ ನಗುತ್ತಲೇ ಹೇಳಿದರು. ತಮ್ಮನ್ನೇ ಹಳಿದುಕೊಳ್ಳುವ ಮಾತಿಗೆ ಒಂದು ಅನುಕೂಲವುಂಟು: ಕೇಳಿದವನಿಗೆ ಹೇಳಿದವರ ಮೇಲೆ ವಿಶ್ವಾಸ ಹುಟ್ಟುತ್ತದೆ, ಮಾತು ನಿಜವೋ ಸುಳ್ಳೋ ಎಂದು ನೋಡುವ ಗೋಜಿಗೆ ಅವನು ಹೋಗುವುದಿಲ್ಲ. ನಾನು ಇಂದು ಆ ಗೋಜಿಗೆ ಹೋಗುವವನಿದ್ದೇನೆ. ಏಕೆಂದರೆ, ಊರಿಗೆ ಮರಳಿದ ವಾರದಲ್ಲೇ ಬೆಂಗಳೂರಿನ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯ ಯುವಕರು ಇದೇ ಮಾತನ್ನು ವೇದವಾಕ್ಯವೆಂಬಂತೆ ಉದ್ಧರಿಸಿದರು. "ಆದ್ದರಿಂದ ನಮಗೂ ಕಟ್ಟಳೆಗಳು ಬೇಡ" ಎಂದು ತೀರ್ಪನ್ನೂ ಕೊಟ್ಟರು.

ಐಂಡ್‌ಹೋವನ್ನಿನಲ್ಲಿ ಈ ಮಾತನ್ನಾಡಿದ ನಾಲ್ವರಲ್ಲಿ ಒಬ್ಬರು ಮಗಳ ನೆರೆಮನೆಯ ಹಿರಿಯರು; ಸಜ್ಜನರು. ಅಂದು ನನ್ನ ಫೋನಿನ ಜೀವ ಹೋಗಿತ್ತು. ಅವರು ತಮ್ಮ ಚಾರ್ಜರನ್ನು ಕೊಟ್ಟು, ಅದಕ್ಕೆ ಜೀವ ಬರುತ್ತಿದ್ದ ಹೊತ್ತಿನಲ್ಲೇ ಬ್ರಸೆಲ್ಸಿನ ಅಧಿಕಾರಿಗಳನ್ನು ಬೈಯತೊಡಗಿದರು. ಅವರ ಫೋನು ಒಂದು ಕಂಪನಿಯದು, ನನ್ನದು ಇನ್ನೊಂದರದು. ಆದರೂ ಅವರ ತಂತಿ ನನ್ನ ಫೋನಿಗೆ ಹೊಂದಿತು. ಏಕೆ ಹೊಂದಿತು? 2009ರ ಸುಮಾರಿಗೆ ಯೂರೋಪಿನ ಪೇಟೆಯಲ್ಲಿ ಮೂವತ್ತು ಬಗೆಯ ಚಾರ್ಜರುಗಳಿದ್ದುವು. ಅಧಿಕಾರಿಗಳು ಮೊದಲು ತಯಾರಕರನ್ನು ಒಪ್ಪಿಸಿ ಅವನ್ನು ಮೂರಕ್ಕೆ ಇಳಿಸಿದರು. ಬಳಿಕ 2022ರಲ್ಲಿ ಕಾಯಿದೆ ಮಾಡಿ, 2024ರ ಡಿಸೆಂಬರ್ 28ರಿಂದ ಮಾರುವ ಹೊಸ ಫೋನುಗಳಿಗೆಲ್ಲ ಒಂದೇ ಬಗೆಯ ತೂತು ಇರತಕ್ಕದ್ದೆಂದು ವಿಧಿಸಿದರು. ಬೇರೆ ತೂತನ್ನೇ ಹಿಡಿದು ಕುಳಿತಿದ್ದ ಅಮೆರಿಕದ ಆಪಲ್ ಕಂಪನಿ 2023ರಲ್ಲೇ ಹಾದಿಗೆ ಬಂತು. ಆ ಹಿರಿಯರು ತಮ್ಮ ವಾದಕ್ಕೆ ಉತ್ತರವನ್ನು ತಾವೇ ನನ್ನ ಕೈಗೆ ಕೊಟ್ಟಿದ್ದರು. ಆದರೆ ಆತಿಥ್ಯದ ನಡುವೆ ಅದನ್ನು ತೋರಿಸುವುದು ಸಲ್ಲದೆಂದು ಸುಮ್ಮನಿದ್ದೆ.

ಇನ್ನು, ಯೂರೋಪು ಏನನ್ನೂ ಕಂಡುಹಿಡಿಯುವುದಿಲ್ಲವೆಂಬ ಮಾತು. ಇಂದು ಜಗತ್ತೆಲ್ಲ ಹರಡಿರುವ ವೆಬ್ಬಿನ ಕಲ್ಪನೆಯನ್ನು 1989ರಲ್ಲಿ ಟಿಮ್ ಬರ್ನರ್ಸ್-ಲೀ ಮುಂದಿಟ್ಟದ್ದು ಜಿನೀವದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ. ಅದು ಸರಕಾರಗಳ ಹಣದಲ್ಲಿ ನಡೆಯುವ ಸಂಸ್ಥೆ. 1993ರ ಏಪ್ರಿಲ್ 30ರಂದು ಅದು ಈ ವಿದ್ಯೆಯನ್ನು ಯಾರೂ ಕಾಸು ಕೊಡದೆ ಬಳಸಬಹುದೆಂದು ಬಿಟ್ಟುಕೊಟ್ಟಿತು. ಮೊಬೈಲಿನ ಕಥೆಯೂ ಹಾಗೆಯೇ. 1987ರಲ್ಲಿ ಯೂರೋಪಿನ ಹದಿಮೂರು ದೇಶಗಳು ಕೂಡಿ ಒಂದೇ ಪದ್ಧತಿಗೆ ಒಪ್ಪದಿದ್ದರೆ ಜಿಎಸ್‌ಎಂ ಎಂಬುದು ನೆಲೆಗೊಳ್ಳುತ್ತಿರಲಿಲ್ಲ. 1995ರ ಜುಲೈ 31ರಂದು ಕಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯ ಸುಖ್ ರಾಮ್ ಅವರಿಗೆ ಮಾಡಿದ, ನಮ್ಮ ದೇಶದ ಮೊದಲ ಮೊಬೈಲ್ ಕರೆಯೂ ಆ ಪದ್ಧತಿಯದೇ. ಅಲ್ಲಿ ಕಟ್ಟಳೆಯೇ ಆವಿಷ್ಕಾರವಾಗಿತ್ತು. ಎಲ್ಲರೂ ಒಂದೇ ಅಳತೆಯ ಸೇರು ಇಟ್ಟುಕೊಂಡರೆ ಮಾತ್ರ ಸಂತೆ ನಡೆಯುತ್ತದೆಂಬುದು ನಮ್ಮ ಹಳ್ಳಿಯವರಿಗೆ ಗೊತ್ತು. ಸೇರನ್ನು ಸಂತೆಯ ಶತ್ರುವೆಂದು ಅವರು ಎಂದೂ ಕರೆದವರಲ್ಲ.

ಈ ಮಾತು ಐಂಡ್‌ಹೋವನ್ನಿನಲ್ಲಿ ಕೇಳಿಬಂದದ್ದೇ ದೊಡ್ಡ ವಿನೋದ. ಆ ಊರಿಗೆ ಅಂಟಿಕೊಂಡೇ ವೆಲ್ಡ್‌ಹೋವನ್ ಇದೆ. ಅಲ್ಲಿ ಎಎಸ್‌ಎಂಎಲ್ ಎಂಬ ಕಾರ್ಖಾನೆ ಇದೆ. ಅತಿ ಸೂಕ್ಷ್ಮವಾದ ಚಿಪ್ಪುಗಳನ್ನು ಅಚ್ಚೊತ್ತಲು ಬೇಕಾದ ಯಂತ್ರವನ್ನು ಜಗತ್ತಿಗೆಲ್ಲ ಮಾರುವುದು ಅದೊಂದೇ. ಕರಗಿದ ತವರದ ಹನಿಗಳಿಗೆ ಸೆಕೆಂಡಿಗೆ ಐವತ್ತು ಸಾವಿರ ಬಾರಿ ಲೇಸರ್ ಹೊಡೆದು ಬೆಳಕು ಹುಟ್ಟಿಸುತ್ತಾರೆ. ಕನ್ನಡಿ ಜರ್ಮನಿಯದು, ಬೆಳಕಿನ ಮೂಲ ಕ್ಯಾಲಿಫೋರ್ನಿಯದ್ದು, ಕೆಲಸಗಾರರಲ್ಲಿ ನಮ್ಮ ನಾಡಿನ ಹುಡುಗರೂ ಉಂಟು. ಇದರಲ್ಲಿ ಯಾವ ದೇಶ ಕಂಡುಹಿಡಿಯಿತು, ಯಾವುದು ತಯಾರಿಸಿತು ಎಂದು ಗೆರೆ ಎಳೆಯಬಲ್ಲವರು ಎಳೆಯಲಿ.

ಹಾಗಾದರೆ ಮುಕ್ತ ಮಾರುಕಟ್ಟೆಯಾದರೂ ಎಲ್ಲಿದೆ? ಇದೇ ಯಂತ್ರವನ್ನು ಕೊಳ್ಳಲು ಚೀನದವರು ಹಣ ಹಿಡಿದು ನಿಂತಿದ್ದರು. ಅಮೆರಿಕ ಒತ್ತಾಯಿಸಿತು, 2019ರಿಂದ ಡಚ್ ಸರಕಾರ ರಫ್ತಿಗೆ ಪರವಾನಗಿ ಕೊಡಲಿಲ್ಲ. ಕಟ್ಟಳೆಗಳನ್ನು ಕಂಡರಾಗದೆಂದು ಹೆಸರಾದ ಅದೇ ಅಮೆರಿಕ 2022ರಲ್ಲಿ ತನ್ನ ಚಿಪ್ ಉದ್ಯಮಕ್ಕೆ ಐವತ್ತು ಬಿಲಿಯನ್ ಡಾಲರಿಗೂ ಮಿಕ್ಕ ಸರಕಾರಿ ಹಣವನ್ನು ತೆಗೆದಿಟ್ಟಿತು. 2025ರ ಜುಲೈಯಲ್ಲಿ ಯೂರೋಪಿನ ಹೆಚ್ಚಿನ ಸರಕುಗಳಿಗೆ ನೂರಕ್ಕೆ ಹದಿನೈದರ ಸುಂಕವನ್ನು ಒಪ್ಪಿಸಿಕೊಂಡಿತು. ಬಲಿಷ್ಠರಿಗೆ ಮುಕ್ತ ಮಾರುಕಟ್ಟೆಯೆಂಬುದು ಬೇರೆಯವರಿಗೆ ಹೇಳುವ ಉಪದೇಶ. ತಮಗೆ ಬೇಕಾದಾಗ ಬಾಗಿಲು ಹಾಕಿಕೊಳ್ಳುವ ಹಕ್ಕು ಮಾತ್ರ ತಮ್ಮದೇ.

ಯೂರೋಪು ಈ ಉಪದೇಶವನ್ನು ತಾನೇ ನಂಬಿ ಬೆಲೆ ತೆತ್ತದ್ದೂ ಉಂಟು. ವ್ಯಾಪಾರ ಬೆಳೆದರೆ ರಷ್ಯ ಸೌಮ್ಯವಾಗುತ್ತದೆಂದು ಜರ್ಮನಿಯ ಹಿರಿಯರು ವರ್ಷಗಟ್ಟಲೆ ಹೇಳಿದರು. 2021ರಲ್ಲಿ ಯೂರೋಪಿಯನ್ ಒಕ್ಕೂಟ ಹೊರಗಿನಿಂದ ತರಿಸಿದ ಅನಿಲದಲ್ಲಿ ನೂರಕ್ಕೆ ನಲವತ್ತೈದರಷ್ಟು ರಷ್ಯದ್ದೇ. 2022ರ ಫೆಬ್ರವರಿ 24ರಂದು ಉಕ್ರೇನಿನ ಮೇಲೆ ದಂಡು ನುಗ್ಗಿತು, ನಂಬಿಕೆ ಮುರಿಯಿತು. ಆಮೇಲೆ ಯೂರೋಪು ಹೆಚ್ಚು ಬೆಲೆ ಕೊಟ್ಟು ಹಡಗಿನ ಅನಿಲವನ್ನು ಬಾಚಿಕೊಂಡಿತು. ಅಷ್ಟು ಬೆಲೆ ತೆರಲಾರದ ಬಾಂಗ್ಲಾದೇಶ ಆ ಬೇಸಗೆಯಲ್ಲಿ ಪೇಟೆಯಲ್ಲಿ ಅನಿಲ ಕೊಳ್ಳುವುದನ್ನೇ ನಿಲ್ಲಿಸಿತು. ಢಾಕಾದಲ್ಲಿ ದೀಪಗಳು ಆರಿದುವು. ಮುಕ್ತ ಮಾರುಕಟ್ಟೆ ಅಂದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು! ರಷ್ಯದ ಎಣ್ಣೆ ಕೊಂಡ ಭಾರತಕ್ಕೆ ನೀತಿ ಹೇಳಿದ ಯೂರೋಪಿನವರು ಢಾಕಾದ ಕತ್ತಲೆಯ ಮಾತೆತ್ತಿದ್ದನ್ನು ನಾನು ಕೇಳಲಿಲ್ಲ.

ಇಷ್ಟು ಹೇಳಿದೆನೆಂದು ಬ್ರಸೆಲ್ಸಿನ ಕಟ್ಟಳೆಗಳಿಗೆಲ್ಲ ನಾನು ವಕೀಲನೆಂದು ಯಾರೂ ತಿಳಿಯಬಾರದು. ಅಂತರ್ಜಾಲದ ಪುಟಪುಟಕ್ಕೂ "ಒಪ್ಪಿದೆ" ಎಂಬ ಗುಂಡಿಯನ್ನೊತ್ತಿ ನನ್ನ ಬೆರಳೂ ಸವೆದಿದೆ. ಅದಕ್ಕಿಂತ ದೊಡ್ಡ ದೂರೊಂದಿದೆ. ಅದು ನಮ್ಮ ಕೊಡಗು ಚಿಕ್ಕಮಗಳೂರುಗಳ ದೂರು. ಅರಣ್ಯನಾಶ ತಡೆಯಲೆಂದು ಯೂರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾಯಿದೆ ಮಾಡಿತು. ಕಾಫಿ, ಕೋಕೋ, ರಬ್ಬರು ಮೊದಲಾದ ಏಳು ಪದಾರ್ಥಗಳು 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ನೆಲದಲ್ಲಿ ಬೆಳೆದವಾಗಿರಕೂಡದು. ಬೆಳೆದ ತಾಕಿನ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ಉದ್ದೇಶ ಒಳ್ಳೆಯದು, ನಾನು ಅದಕ್ಕೆ ಕೈಮುಗಿಯುತ್ತೇನೆ. ಆದರೆ ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವ ಕರ್ನಾಟಕದಲ್ಲಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿಯವರು. ನಮ್ಮ ಕಾಫಿ ಹಲಸು, ಅತ್ತಿ, ಬೀಟೆಗಳ ನೆರಳಿನಲ್ಲಿ ಬೆಳೆಯುತ್ತದೆ; ಆಕಾಶದಿಂದ ನೋಡುವ ಉಪಗ್ರಹಕ್ಕೆ ತೋಟ ಯಾವುದು, ಕಾಡು ಯಾವುದು ಎಂದು ತಿಳಿಯುವುದು ಸುಲಭವಲ್ಲ. ನೆರಳಿನ ಮರವನ್ನು ಉಳಿಸಿಕೊಂಡವನೇ ತಾನು ಕಾಡು ಕಡಿದಿಲ್ಲವೆಂದು ರುಜುವಾತು ಮಾಡಬೇಕಾಗಿದೆ. 19ನೆಯ ಶತಮಾನದಲ್ಲಿ ಇದೇ ಬೆಟ್ಟಗಳ ಕಾಡು ಕಡಿದು ತೋಟ ಹಾಕಿದವರಲ್ಲಿ ಐರೋಪ್ಯ ಪ್ಲಾಂಟರುಗಳಿದ್ದರೆಂಬುದನ್ನು ನೆನೆದರೆ ನಗು ಬರುತ್ತದೆ. ಆದರೆ ಆ ನಗುವಿನಿಂದ ಎರಡೆಕರೆಯವನ ಕಾಗದಪತ್ರ ಸಿದ್ಧವಾಗುವುದಿಲ್ಲ.

ಈ ಕಾಯಿದೆ ಜಾರಿಗೆ ಬರುವ ಮೊದಲೇ ಎರಡು ಬಾರಿ ಮುಂದೆ ಹೋಯಿತು. ಗಡುವು ಮುಂದೆ ಹೋದರೆ ಬೆಳೆಗಾರನಿಗೆ ಉಸಿರಾಡಲು ಸಮಯ ಸಿಕ್ಕೀತು, ನ್ಯಾಯ ಸಿಗದು. ತಪ್ಪು ಇರುವುದು ಕಟ್ಟಳೆ ಬರೆದದ್ದರಲ್ಲಲ್ಲ. ಯಾರ ತೋಟಕ್ಕೆ ಬರೆದರೋ ಅವನನ್ನು ಕೂರಿಸಿಕೊಳ್ಳದೆ ಬರೆದದ್ದರಲ್ಲಿ. ಚಾರ್ಜರಿನ ಕಟ್ಟಳೆಗೆ ಓಟು ಹಾಕಿದವರನ್ನು ನನ್ನ ನೆರೆಮನೆಯ ಹಿರಿಯರು ಚುನಾವಣೆಯಲ್ಲಿ ಕೆಳಗಿಳಿಸಬಲ್ಲರು. ಸೋಮವಾರಪೇಟೆಯ ಬೆಳೆಗಾರನಿಗೆ ಆ ಓಟಿಲ್ಲ.

"ಯೂರೋಪು ಬರೇ ಕಟ್ಟಳೆ ಬರೆಯುತ್ತದೆ" ಎಂಬ ಹಗುರ ಮಾತು ಮುಚ್ಚಿಡುವುದು ಇದನ್ನೇ. ಕಟ್ಟಳೆ ಬರೆಯುವುದು ದೊಡ್ಡ ಅಧಿಕಾರ. ಅದನ್ನು ಕೈಯಲ್ಲಿಟ್ಟುಕೊಂಡವರು ತಾವು ಕೈಲಾಗದವರೆಂದು ಹಾಸ್ಯ ಮಾಡಿಕೊಂಡರೆ ನಾವು ನಂಬಬೇಕಾಗಿಲ್ಲ. ಮದುವೆಯೂಟದ ಪಂಕ್ತಿಯ ಯುವಕರಿಗೂ ನನ್ನದೊಂದು ಮಾತು: ನಮಗೆ ಕಟ್ಟಳೆಗಳು ಬೇಡವೆನ್ನಬೇಡಿ. ನಾವು ಬೇಡವೆಂದರೂ ಬೇರೆಯವರು ಬರೆದದ್ದು ನಮ್ಮ ಹಿತ್ತಿಲಿಗೆ ಬಂದೇ ಬರುತ್ತದೆ. ಬರೆಯುವ ಮೇಜಿನ ಬಳಿ ನಮಗೂ ಒಂದು ಕುರ್ಚಿ ಹಾಕಿಸಿ ಎಂದು ನಮ್ಮ ಸರಕಾರವನ್ನು ಕೇಳಿ.