ಯಾರದೋ ದುಡ್ಡು, ಐದು ನಕ್ಷತ್ರದ ಜಾತ್ರೆ

ದೊಡ್ಡ ಪಟ್ಟಣಗಳ ಪತ್ರಿಕೆಗಳಲ್ಲಿ ಒಂದು ಬಗೆಯ ಬರವಣಿಗೆ ಬೆಳೆದು ನಿಂತಿದೆ. ಮುಂಬಯಿಯಲ್ಲಿ ಯಾವ ಹೋಟೆಲಿನ ಕೋಣೆ ವಿಶಾಲ, ದಿಲ್ಲಿಯಲ್ಲಿ ಯಾವ ಹೋಟೆಲಿನ ಹಾಸಿಗೆ ಮೆದು, ಬೆಂಗಳೂರಿನಲ್ಲಿ ಯಾರು ಕೊಟ್ಟ ಹಣಕ್ಕಿಂತ ಮೇಲಿನ ದರ್ಜೆಯ ಕೋಣೆಯನ್ನು ಪುಕ್ಕಟೆ ಕೊಡುತ್ತಾರೆ, ಯಾರ ಸೇವಕರು ಹೆಚ್ಚು ಬಾಗುತ್ತಾರೆ ಎಂದು ತಕ್ಕಡಿ ಹಿಡಿದು ತೂಗುವ ಬರವಣಿಗೆ. ಒಂದು ರಾತ್ರಿಯ ನಿದ್ದೆಗೆ ಇಪ್ಪತ್ತು ಸಾವಿರ ರೂಪಾಯಿ ತೆರುವವರ ಕಷ್ಟಸುಖ ವಿಚಾರಿಸಲು ಅಲ್ಲಿ ಪುಟಗಟ್ಟಲೆ ಜಾಗವಿದೆ.

ನಮ್ಮ ಓದುಗರು ಕೇಳಬಹುದು: ಹೋಟೆಲು ಎಂದರೆ ನಮಗೆ ಇಡ್ಲಿ ಕಾಫಿ ಸಿಗುವ ಜಾಗ, ಪರವೂರಿನಲ್ಲಿ ರಾತ್ರಿಯಾದರೆ ಲಾಡ್ಜಿನ ಒಂದು ಮಂಚ, ಆ ಅರಮನೆಗಳ ಗೊಡವೆ ನಮಗೇಕೆ? ಗೊಡವೆ ಇದೆ. ಆ ಹಾಸಿಗೆಯನ್ನು ಹಾಸುವವರು ನಮ್ಮ ಮನೆಗಳ ಮಕ್ಕಳು. ಅಲ್ಲಿಯ ಬಿಲ್ಲಿನ ಒಂದು ಪಾಲು ಸುತ್ತಿ ಬಳಸಿ ನಮ್ಮ ತಲೆಯ ಮೇಲೆಯೇ ಬಂದು ಕೂರುತ್ತದೆ. ಆದುದರಿಂದ ತಕ್ಕಡಿಯನ್ನು ಒಮ್ಮೆ ನಾವೂ ಹಿಡಿಯೋಣ. ಅವರು ತೂಗುವ ಮೂರು ವಸ್ತುಗಳನ್ನೇ ತೂಗೋಣ: ಬಡ್ತಿ, ಕೋಣೆ, ಸೇವೆ.

ಮೊದಲು ಬಡ್ತಿ. ಅವರ ಮಾತಿನಲ್ಲಿ ಇದಕ್ಕೆ ‘ಅಪ್‌ಗ್ರೇಡ್’ ಎಂದು ಹೆಸರು. ಸಾಧಾರಣ ಕೋಣೆಗೆ ಹಣ ಕಟ್ಟಿದವನನ್ನು ಮೇಲಂತಸ್ತಿನ ದೊಡ್ಡ ಕೋಣೆಗೆ ಕರೆದೊಯ್ಯುತ್ತಾರೆ. ಅವನು ಹೋಟೆಲಿನ ಔದಾರ್ಯವನ್ನು ಕೊಂಡಾಡುತ್ತಾನೆ. ಇದರಲ್ಲಿ ಔದಾರ್ಯವೆಲ್ಲಿ ಬಂತು? ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿಗೆ ಗೊತ್ತಿರುವ ಲೆಕ್ಕವೇ ಇದು. ಕತ್ತಲಾದ ಮೇಲೆ ಉಳಿದ ಕಟ್ಟು ನಾಳೆ ಬಾಡುತ್ತದೆ. ಇಂದು ಖಾಲಿ ಉಳಿದ ಕೋಣೆಯ ಬಾಡಿಗೆಯೂ ನಾಳೆ ಮರಳಿ ಬರುವುದಿಲ್ಲ. ಹಾಗೆ ಉಳಿದುದನ್ನು ಕೊಟ್ಟು ಗಿರಾಕಿಯನ್ನು ಕಟ್ಟಿಹಾಕುತ್ತಾರೆ, ಅಷ್ಟೆ. ಸೊಪ್ಪಿನವಳು ಮಾತ್ರ ಉಳಿದ ಕಟ್ಟನ್ನು ಇಲ್ಲದವರಿಗೂ ಕೊಟ್ಟಾಳು. ಹೋಟೆಲಿನವರು ಕೊಡುವುದು ಇದ್ದವರಿಗೆ. ವರ್ಷಕ್ಕೆ ಎಷ್ಟು ರಾತ್ರಿ ತಂಗಿದ, ಎಷ್ಟು ‘ಪಾಯಿಂಟು’ ಕೂಡಿಹಾಕಿದ ಎಂಬುದರ ಮೇಲೆ ಬಡ್ತಿ.

ಆ ಪಾಯಿಂಟುಗಳನ್ನು ಅವನು ಕೂಡಿಹಾಕುವುದು ಯಾರ ಹಣದಿಂದ? ಬಹಳ ಸಲ ಕಂಪನಿಯ ಹಣದಿಂದ. ಬಿಲ್ಲು ಕಟ್ಟುವುದು ಕಂಪನಿ. ಅದನ್ನು ವ್ಯಾಪಾರದ ಖರ್ಚೆಂದು ಬರೆದು, ಕಳೆದು ಉಳಿದ ಲಾಭಕ್ಕೆ ಮಾತ್ರ ಅದು ಆದಾಯ ತೆರಿಗೆ ಕಟ್ಟುತ್ತದೆ. ಹೀಗೆ ಬೊಕ್ಕಸಕ್ಕೆ ಕಡಿಮೆಯಾದುದನ್ನು ತುಂಬಿಕೊಡುವವರು ಸೋಪು, ಬೆಂಕಿಪೊಟ್ಟಣ, ಚಪ್ಪಲಿ ಕೊಳ್ಳುವಾಗಲೆಲ್ಲ ತೆರಿಗೆ ತೆರುವ ಜನ. ಪಾಯಿಂಟುಗಳು ಮಾತ್ರ ಸಾಹೇಬರ ಸ್ವಂತ ಖಾತೆಗೆ! ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ಚಿಕ್ಕಪೇಟೆಗೆ ಜವಳಿ ಕೊಳ್ಳಲು ಹೋಗುವ ನಮ್ಮೂರ ಅಂಗಡಿಯವನು ಇಪ್ಪತ್ತು ವರ್ಷ ಒಂದೇ ಲಾಡ್ಜಿನಲ್ಲಿ ಇಳಿದರೂ ಅವನಿಗೆ ಬಡ್ತಿಯಿಲ್ಲ.

ಇನ್ನು ಕೋಣೆ. ಇಲ್ಲಿ ಹೋಟೆಲಿನವರಿಗಿಂತ ಸರಕಾರದ ತಕ್ಕಡಿಯನ್ನು ನೋಡಬೇಕು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆಯ ಕೋಣೆಗೆ ತೆರಿಗೆ ಇರಲಿಲ್ಲ. ಅತಿ ದುಬಾರಿ ಕೋಣೆಗೆ ನೂರಕ್ಕೆ 28 ಇತ್ತು. ನ್ಯಾಯವೇ ಸರಿ. 2019ರ ಅಕ್ಟೋಬರ್ 1ರಿಂದ 7,500 ರೂಪಾಯಿಗೆ ಮೇಲ್ಪಟ್ಟ ಕೋಣೆಯ ತೆರಿಗೆಯನ್ನು 28ರಿಂದ 18ಕ್ಕೆ ಇಳಿಸಿದರು. ಇಪ್ಪತ್ತು ಸಾವಿರದ ಕೋಣೆಯಲ್ಲಿ ಮಲಗುವವನಿಗೆ ಒಂದು ರಾತ್ರಿಗೆ ಎರಡು ಸಾವಿರ ರೂಪಾಯಿ ಉಳಿತಾಯ. 2022ರ ಜುಲೈ 18ರಿಂದ, ಅದುವರೆಗೆ ತೆರಿಗೆಯೇ ಇಲ್ಲದಿದ್ದ ಸಾವಿರದೊಳಗಿನ ಕೋಣೆಗೆ ನೂರಕ್ಕೆ 12 ಹಾಕಿದರು. ಆಸ್ಪತ್ರೆಯಲ್ಲಿ ಮಲಗಿದ ತಾಯಿಯನ್ನು ನೋಡಲು ಬಂದು, ನೋಂದಣಿಯಾದ ಲಾಡ್ಜಿನಲ್ಲಿ ಎಂಟುನೂರರ ಕೋಣೆ ಹಿಡಿದವನು ತೊಂಬತ್ತಾರು ರೂಪಾಯಿ ಹೆಚ್ಚು ಕೊಟ್ಟ. ಮೇಲಿನವನಿಗೆ ಇಳಿಸಿ ಕೆಳಗಿನವನಿಗೆ ಏರಿಸುವುದು ಯಾವ ಶಾಸ್ತ್ರ?

2025ರ ಸೆಪ್ಟೆಂಬರ್ 22ರಿಂದ 7,500ರ ವರೆಗಿನ ಕೋಣೆಗಳ ತೆರಿಗೆ ನೂರಕ್ಕೆ 5ಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸೊನ್ನೆಯಿದ್ದದ್ದು ಸೊನ್ನೆಗೆ ಮರಳಲಿಲ್ಲ. ಅದಲ್ಲದೆ 18ರ ದರ್ಜೆಯ ದೊಡ್ಡ ಹೋಟೆಲು ತಾನು ಕೊಂಡ ಸಾಮಾನಿನ ಮೇಲೆ ತೆತ್ತ ತೆರಿಗೆಯನ್ನು ಲೆಕ್ಕದಲ್ಲಿ ಮುರಿದುಕೊಳ್ಳಬಹುದು. 5ರ ದರ್ಜೆಯ ಲಾಡ್ಜಿಗೆ ಆ ಸೌಕರ್ಯವಿಲ್ಲ. ಹಾಸಿಗೆ, ಬಣ್ಣ, ಬಲ್ಬು ಎಲ್ಲಕ್ಕೂ ತೆತ್ತ ತೆರಿಗೆ ಸಣ್ಣವನ ಗಂಟಲಲ್ಲೇ ಉಳಿಯುತ್ತದೆ.

ಕೋಣೆಯ ಮಾತು ಬಂದಾಗ ನಮ್ಮ ಶಾಸಕರನ್ನು ಮರೆಯಬಾರದು. 2017ರಲ್ಲಿ ಗುಜರಾತಿನ ನಾಲ್ವತ್ತಕ್ಕೂ ಹೆಚ್ಚು ಶಾಸಕರನ್ನು ತಂದು ಬಿಡದಿಯ ರೆಸಾರ್ಟಿನಲ್ಲಿ ಕೂಡಿಟ್ಟರು. 2019ರ ಜುಲೈಯಲ್ಲಿ ನಮ್ಮ ಕರ್ನಾಟಕದ ಶಾಸಕರೇ ಗುಂಪುಗೂಡಿ ಮುಂಬಯಿಯ ಐಷಾರಾಮಿ ಹೋಟೆಲಿನಲ್ಲಿ ತಂಗಿದರು. ಇಲ್ಲಿ ಸರಕಾರ ಉರುಳಿತು. ಪಕ್ಷ ಯಾವುದೆಂಬುದು ಇಲ್ಲಿ ಮುಖ್ಯವಲ್ಲ; ಒಬ್ಬರು ಬಿಟ್ಟ ಕೋಣೆಗೆ ಮತ್ತೊಬ್ಬರು ಬಂದಿದ್ದಾರೆ. ಮತ ಹಾಕಿದವನು ಬಿಲ್ಲನ್ನು ನೋಡಲಿಲ್ಲ. ಹೋಟೆಲುಗಳ ಬಡ್ತಿಗಳಲ್ಲೆಲ್ಲ ದೊಡ್ಡ ಬಡ್ತಿ ಇದೇ ಅಲ್ಲವೇ?

ಕಡೆಯದು ಸೇವೆ. ಹಾಸಿಗೆ ಮೆದುವಾಗಿದೆ, ಮಡಿಕೆ ಒಂದೂ ಇಲ್ಲ ಎಂದು ಹೊಗಳುವವರು ಆ ಹಾಸಿಗೆಯನ್ನು ಎತ್ತಿದವಳ ಬೆನ್ನನ್ನು ನೋಡಿಲ್ಲ. 1999ರ ಹೊತ್ತಿಗೆ ಅಮೆರಿಕದ ದೊಡ್ಡ ಹೋಟೆಲುಗಳು ಹಾಸಿಗೆಯಲ್ಲೇ ಪೈಪೋಟಿಗೆ ಇಳಿದವು. ಹಾಸಿಗೆ ದಪ್ಪವಾಯಿತು, ದಿಂಬುಗಳು ಹೆಚ್ಚಿದವು. ಎತ್ತುವ ಕೈ ಮಾತ್ರ ಅವೇ ಎರಡು. ಅಲ್ಲಿ ಒಂದು ಪಾಳಿಗೆ ಹದಿನಾಲ್ಕು ಹದಿನೈದು ಕೋಣೆ ಮುಗಿಸಬೇಕಾದ ಹೋಟೆಲುಗಳು ಬೇಕಾದಷ್ಟಿವೆ. ಐದು ಕಂಪನಿಗಳ 50 ಹೋಟೆಲುಗಳ 2003ರಿಂದ 2005ರ ವರೆಗಿನ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ ಕೋಣೆ ಶುಚಿ ಮಾಡುವ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು ಎಂಟು ಗಾಯಗಳು. ಹೋಟೆಲಿನ ಉಳಿದ ಕೆಲಸಗಳಿಗಿಂತ ಇದೇ ಹೆಚ್ಚು. ಕಾರ್ಮಿಕರು ಹೋರಾಡಿದ ಮೇಲೆ 2018ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಈ ಗಾಯಗಳನ್ನು ತಡೆಯಲೆಂದೇ ನಿಯಮ ಜಾರಿಗೆ ತಂದಿತು.

ಅದೇ ವರ್ಷ ಮ್ಯಾರಿಯಟ್ ಹೋಟೆಲುಗಳ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಅಮೆರಿಕದ ಎಂಟು ನಗರಗಳಲ್ಲಿ ಮುಷ್ಕರ ಹೂಡಿದರು. ಒಂದು ನೌಕರಿಯಲ್ಲೇ ಹೊಟ್ಟೆ ತುಂಬಬೇಕು ಎಂಬುದು ಅವರ ಕೂಗು. ಅವರ ದೂರುಗಳಲ್ಲಿ ಒಂದನ್ನು ಕೇಳಿ: ಪರಿಸರ ಉಳಿಸುವ ಹೆಸರಿನಲ್ಲಿ, ಇಂದು ಕೋಣೆ ಗುಡಿಸುವುದು ಬೇಡ ಎಂದ ಅತಿಥಿಗೆ ಪಾಯಿಂಟು ಕೊಡುತ್ತಿದ್ದರು. ಅತಿಥಿಗೆ ಪಾಯಿಂಟು, ಗುಡಿಸುವವಳಿಗೆ ಆ ದಿನದ ಕೆಲಸ ಖೋತಾ; ಮೂರು ದಿನದ ಕಸ ಕೂಡಿದ ಮೇಲೆ ಅದೇ ಕೋಣೆ, ಇಮ್ಮಡಿ ದುಡಿಮೆ. ಬಡ್ತಿಗೂ ಬೆನ್ನುನೋವಿಗೂ ಇರುವ ನಂಟು ಇಲ್ಲಿ ಬಿಚ್ಚಿಟ್ಟ ಹಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ಸುಮಾರು ಎರಡು ತಿಂಗಳು ಬೀದಿಯಲ್ಲಿ ನಿಂತು ಕೂಲಿ ಹೆಚ್ಚಿಸಿಕೊಂಡೇ ಒಳಗೆ ಹೋದರು.

ನಮ್ಮಲ್ಲಿ? ಹಗಲೆಲ್ಲ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ದಕ್ಷಿಣ ಕನ್ನಡದ ಮಾಣಿಗಳಿಂದ ಮುಂಬಯಿಯ ಹೋಟೆಲುಗಳು ಬೆಳೆದವು. 1903ರಲ್ಲಿ ತೆರೆದ ಅಲ್ಲಿಯ ತಾಜ್ ಹೋಟೆಲಿಗೆ 2008ರ ನವೆಂಬರ್ 26ರಂದು ಬಂದೂಕು ಹಿಡಿದವರು ನುಗ್ಗಿದಾಗ ಅತಿಥಿಗಳನ್ನು ಪಾರುಮಾಡುತ್ತ ಸತ್ತವರಲ್ಲಿ ಅಡುಗೆಮನೆಯವರು, ಪರಿಚಾರಕರು ಇದ್ದರು. ಆ ಸೇವೆಯನ್ನು ಯಾವ ನಕ್ಷತ್ರದಿಂದ ಅಳೆಯುತ್ತೀರಿ? ಬಿಲ್ಲಿನಲ್ಲಿ ‘ಸೇವಾ ಶುಲ್ಕ’ ಎಂದು ತಾವಾಗಿಯೇ ಸೇರಿಸಿ ವಸೂಲು ಮಾಡಬಾರದೆಂದು 2022ರ ಜುಲೈ 4ರಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿತು. ಮಾಲೀಕರ ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್ 28ರಂದು ದಿಲ್ಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಆ ಶುಲ್ಕ ನೌಕರರಿಗಾಗಿ ಎಂಬುದು ಮಾಲೀಕರ ವಾದ. ನೌಕರರಿಗಾಗಿಯಾದರೆ ಅದನ್ನು ಸಂಬಳವೆಂದು ಕೊಡಿ. ಅತಿಥಿಯ ಮುಂದೆ ಅವರ ಹೆಸರಿನಲ್ಲಿ ಜೋಳಿಗೆ ಏಕೆ ಹಿಡಿಯುತ್ತೀರಿ?

ದೊಡ್ಡ ಹೋಟೆಲು ಸಾವಿರಾರು ಮಂದಿಗೆ ಅನ್ನ ಕೊಡುತ್ತದೆ, ಅದನ್ನು ದೂಷಿಸಬೇಡಿ ಎನ್ನುವವರಿದ್ದಾರೆ. ಗಿರಣಿಯೂ ಅನ್ನ ಕೊಟ್ಟಿತು. ಹಾಗೆಂದು ಗಿರಣಿ ಕಾರ್ಮಿಕ ಎಂಟು ಗಂಟೆಯ ದುಡಿಮೆಯನ್ನು ಕೇಳದೆ ಬಿಟ್ಟನೇ? ಹೋಟೆಲುಗಳನ್ನು ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಬೇಡಿಕೆಗಳು ಸರಳವಾಗಿವೆ. ಒಂದು ಪಾಳಿಗೆ ಇಷ್ಟೇ ಕೋಣೆ ಎಂದು ಕಾನೂನು ಮಿತಿ ಹಾಕಲಿ. ವರ್ಷವಿಡೀ ಇರುವ ಕೆಲಸಕ್ಕೆ ಗುತ್ತಿಗೆಯವರನ್ನಲ್ಲ, ಕಾಯಂ ನೌಕರರನ್ನು ಇಡಲಿ. ಸಾವಿರದೊಳಗಿನ ಕೋಣೆಯ ತೆರಿಗೆ ಸೊನ್ನೆಗೆ ಮರಳಲಿ. ಶಾಸಕರು ಗುಂಪಾಗಿ ತಂಗಿದ ಹೋಟೆಲುಗಳ ಬಿಲ್ಲನ್ನು, ಕಟ್ಟಿದವರ ಹೆಸರಿನೊಡನೆ, ಸದನದ ಮೇಜಿನ ಮೇಲೆ ಇಡಲಿ.

ಮಿತ್ರರೇ, ಹೋಟೆಲುಗಳಿಗೆ ನಕ್ಷತ್ರ ಹಂಚುವವರು ಹಂಚಿಕೊಳ್ಳಲಿ. ನಿಮ್ಮ ಮಗನೋ ಮಗಳೋ ಅಂಥ ಹೋಟೆಲಿನಲ್ಲಿ ಕೆಲಸಕ್ಕಿದ್ದರೆ ಮೂರು ಮಾತು ಕೇಳಿ: ಪಾಳಿಗೆ ಎಷ್ಟು ಕೋಣೆ, ಕೈಗೆ ಎಷ್ಟು ಸಂಬಳ, ಸಂಘ ಇದೆಯೇ? ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ, ಮೊದಲು ಮಾಡಬೇಕಾದ ಕೆಲಸ ಅದೇ.