ಬಾಡಿಗೆ ಬೇಕು, ಬಾಡಿಗೆಯವರು ಬೇಡ!

"ಎಲ್ಲಿಂದಲೋ ಬಂದವರಿಂದ ನಮ್ಮ ಊರು ಹಾಳಾಯಿತು ಕಣ್ರೀ!" ನಮ್ಮ ಹಲಸೂರಿನಲ್ಲಿ ನಾಲ್ಕು ಜನ ಹೆಂಗಸರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಹೀಗೆನ್ನುವವರಲ್ಲಿ ಮಹಡಿಯ ಮೇಲೆ ಮಹಡಿ ಕಟ್ಟಿಸಿ, ಬಂದವರಿಂದಲೇ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಂಡವರೂ ಇದ್ದಾರೆ. ದುಡ್ಡು ಮಡಿ, ದುಡ್ಡು ಕೊಟ್ಟವಳು ಮಾತ್ರ ಮೈಲಿಗೆ!

ನಮ್ಮ ಈ ಕಡೆಯ ಬೆಂಗಳೂರು ಬೆಳೆದದ್ದೇ ಬಂದವರಿಂದ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿದ್ದ ಸೈನ್ಯವನ್ನು ಹಲಸೂರಿನ ಬಳಿಗೆ ತಂದು ದಂಡು ಕಟ್ಟಿದರು. ಅದರ ಬೆನ್ನಿಗೇ ತಮಿಳು, ತೆಲುಗು, ಉರ್ದು ಮಾತಾಡುವ ಸಿಪಾಯಿಗಳು, ಅಡುಗೆಯವರು, ದರ್ಜಿಗಳು, ವ್ಯಾಪಾರಿಗಳು ಬಂದರು. ದಂಡು ಮೈಸೂರಿನ ಕೈಗೆ ಮರಳಿದ್ದು 1947ರಲ್ಲಿ. ಪೇಟೆಯೊಂದಿಗೆ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಹೂವು ಕೊಳ್ಳುವಾಗ, ಮಾರುವವರ ಅಜ್ಜಿ ಯಾವ ಊರಿನವಳೆಂದು ಯಾರಾದರೂ ಕೇಳುತ್ತೇವೆಯೇ?

ಜನ ಹೆಚ್ಚಿದ್ದು ಸುಳ್ಳಲ್ಲ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಇದ್ದವರು 2011ಕ್ಕೆ 96 ಲಕ್ಷವಾದರು. ಅವರಲ್ಲಿ ಕನ್ನಡ ಮನೆಮಾತಾಗಿದ್ದವರು ಅರ್ಧಕ್ಕಿಂತ ಕಡಿಮೆ. ಈ ಆತಂಕ ನನಗೂ ಇದೆ. ಆದರೆ ಅದನ್ನು ತೀರಿಸಿಕೊಳ್ಳುವುದು ಯಾರ ಮೇಲೆ? ಅದೇ ಗಣತಿ ವಲಸಿಗರೆಂದು ಲೆಕ್ಕ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರ್ನಾಟಕದವರೇ. ಕೆ.ಆರ್. ಪುರದ ಆಚೆ ತಗಡಿನ ಶೆಡ್ಡಿನಲ್ಲಿದ್ದು ಇಟ್ಟಿಗೆ ಹೊರುವ ರಾಯಚೂರಿನ ಹೆಂಗಸಿನ ಕನ್ನಡ ನಮ್ಮದಕ್ಕಿಂತ ಗಟ್ಟಿ. ತಾನೇ ಕಟ್ಟಿದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಅವಳೂ 'ಹೊರಗಿನವಳು'.

ಇನ್ನು ನೀರು. 2007ರಲ್ಲಿ ಕೆ.ಆರ್. ಪುರ, ಮಹದೇವಪುರಗಳ ಜೊತೆಗೆ 110 ಹಳ್ಳಿಗಳನ್ನೂ ಪಾಲಿಕೆಗೆ ಸೇರಿಸಿದರು. ಆ ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತದ ಉದ್ಘಾಟನೆ ನಡೆದದ್ದು 2024ರ ಅಕ್ಟೋಬರಿನಲ್ಲಿ! ಹದಿನೇಳು ವರ್ಷ ಹೆಂಗಸರು ಟ್ಯಾಂಕರಿಗೆ ಕಾದದ್ದು ಒಡಿಶಾದ ಹುಡುಗಿ ಎರಡು ಕೊಡ ಹೆಚ್ಚು ಹಿಡಿದಳೆಂದೇ? 2021ರಲ್ಲಿ ಆಗಬೇಕಿದ್ದ ಜನಗಣತಿಯೂ ಆಗಲಿಲ್ಲ. ಉಣ್ಣುವವರೆಷ್ಟು ಎಂದು ಎಣಿಸದೆ ಒಲೆ ಹಚ್ಚಿ, ಅನ್ನ ಸಾಲದಿದ್ದಾಗ ಕೊನೆಯ ಪಂಕ್ತಿಯವರನ್ನು ಬೈಯುವ ಮನೆಯನ್ನು ಕಂಡಿದ್ದೀರಾ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಅವರು ಕನ್ನಡ ಕಲಿಯುವುದಿಲ್ಲ" ಎಂಬ ದೂರು ಪೂರ್ತಿ ಸುಳ್ಳಲ್ಲ. ಹತ್ತು ವರ್ಷವಿದ್ದೂ ಒಂದು ಮಾತು ಕಲಿಯದ ದೊಡ್ಡ ಸಂಬಳದವರಿಗೆ ನನ್ನ ವಕಾಲತ್ತಿಲ್ಲ. ಆದರೆ ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವ ಅಸ್ಸಾಮಿನ ಹುಡುಗಿಯ ಜೊತೆ ನಾವೇ ಹರಕು ಮುರುಕು ಹಿಂದಿ ಆಡಿದರೆ, ಅವಳಿಗೆ ಕನ್ನಡ ಕಲಿಸುವವರು ಯಾರು? ಭಾಷಣದಿಂದ ಯಾರೂ ಭಾಷೆ ಕಲಿತಿಲ್ಲ. "ಬಾಮ್ಮ, ಊಟ ಆಯ್ತಾ?" ಎಂದು ದಿನವೂ ಕೇಳಿದರೆ ತಿಂಗಳೊಳಗೆ "ಆಯ್ತಕ್ಕ" ಎನ್ನುತ್ತಾಳೆ.

2012ರ ಆಗಸ್ಟಿನಲ್ಲಿ ಸುಳ್ಳು ಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಗುವಾಹಟಿ ರೈಲು ಹತ್ತಿದರು. "ಹೋಗಬೇಡಿ, ನಾವಿದ್ದೇವೆ" ಎಂದ ಮಾತನ್ನು ನಂಬುವಷ್ಟು ನಂಟು ಅವರಿಗೆ ನಮ್ಮೊಂದಿಗೆ ಬೆಳೆದಿರಲಿಲ್ಲ. ಆ ನಂಟು ಬೆಳೆಯಬೇಕಾದದ್ದು ಹೊಸಿಲಲ್ಲಿ, ನಲ್ಲಿಯ ಸಾಲಿನಲ್ಲಿ. ನೀರಿಗಾಗಿ ಜಗಳವಾಡೋಣ ಗೆಳತಿಯರೇ, ಪಾಲಿಕೆಯ ಬಾಗಿಲಲ್ಲಿ ನಿಂತು ಆಡೋಣ. ಅವಳನ್ನೂ ಜೊತೆಗೆ ಕರೆದುಕೊಂಡು, ಕನ್ನಡದಲ್ಲೇ ಆಡೋಣ.