ಹೀರೋ ಬಿಡಿ, ಅಡವಿಟ್ಟ ಬಂಗಾರ ಎಲ್ಲಿ?

ಬ್ಯಾಂಕ್ ದರೋಡೆ ಸಿನಿಮಾ ಬಂದರೆ ಬೇರೆ ಊರಿನವರು ಮೊದಲು ಹೀರೋನ ಎಂಟ್ರಿ ನೋಡ್ತಾರೆ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಸ್ಟ್ರಾಂಗ್ ರೂಮಿನ ಬಾಗಿಲು ನೋಡುವವರೂ ಇದ್ದಾರೆ. ಅದು ಸರಿಯಾಗಿಲ್ಲದಿದ್ದರೆ ಹೀರೋ ಎಷ್ಟು ದೊಡ್ಡವನಾದರೂ ಮಾರ್ಕ್ಸ್ ಕಟ್.

ಇದರಲ್ಲಿ ಆಶ್ಚರ್ಯ ಏನಿಲ್ಲ ಮಾರಾಯ್ರೆ. 1906ರಲ್ಲಿ ಮಂಗಳೂರಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಕರಾವಳಿಯಲ್ಲಿ ಯಾವ ಮನೆಯ ಕೂಡುಕುಟುಂಬದ ಫೋಟೊ ತೆಗೆದರೂ ಅದರಲ್ಲಿ ಒಬ್ಬ ಬ್ಯಾಂಕ್ ನೌಕರ ಸಿಗ್ತಾರೆ. ಅಂಥವರ ಜೊತೆ ಕೂತು ದರೋಡೆ ಸಿನಿಮಾ ನೋಡೋದು ಅಂದ್ರೆ, ಡಾಕ್ಟರ್ ಜೊತೆ ಕೂತು ಆಸ್ಪತ್ರೆ ಸೀರಿಯಲ್ ನೋಡಿದ ಹಾಗೆ.

ಈ ಸಲ ಚರ್ಚೆಗೆ ಸಿಕ್ಕಿದ್ದು 'ತುನಿವು'. ಎಚ್. ವಿನೋದ್ ನಿರ್ದೇಶನದ, ಅಜಿತ್ ಕುಮಾರ್ ಮತ್ತು ಮಂಜು ವಾರಿಯರ್ ನಟಿಸಿದ ತಮಿಳು ಚಿತ್ರ. 2023ರ ಜನವರಿ 11ಕ್ಕೆ, ವಿಜಯ್ ಅವರ 'ವಾರಿಸು' ಬಂದ ದಿನವೇ ಬಂತು. ಹಳೇ ಸಿನಿಮಾ ಅಂತೀರಾ? ಒಟಿಟಿಯಲ್ಲಿ ಸಿನಿಮಾಕ್ಕೆ ವಯಸ್ಸಾಗೋದಿಲ್ಲ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಬ್ಬರು ನೋಡಿ ಮೆಸೇಜ್ ಹಾಕಿದರು, ವಾರದೊಳಗೆ ಎಲ್ಲರೂ ನೋಡಿ ಮುಗಿಸಿದರು.

ಕತೆ ಗೊತ್ತಿಲ್ಲದವರಿಗೆ ಎರಡೇ ಮಾತು. ಚೆನ್ನೈನ ಒಂದು ಬ್ಯಾಂಕಿನಲ್ಲಿ ಲೆಕ್ಕಕ್ಕೆ ಸಿಗದ 500 ಕೋಟಿ ಇದೆ ಅಂತ ಒಂದು ಗ್ಯಾಂಗ್ ನುಗ್ಗುತ್ತದೆ. ನೋಡಿದರೆ ಒಳಗೆ ಅಜಿತ್ ಮೊದಲೇ ಕೂತಿದ್ದಾನೆ. ಅಲ್ಲಿಂದ ಕತೆ ಪದರ ಪದರವಾಗಿ ಬಿಚ್ಚಿಕೊಂಡು, ಕೊನೆಗೆ ಗೊತ್ತಾಗೋದು ಏನೆಂದರೆ ದೊಡ್ಡ ದರೋಡೆ ಮಾಡಿದ್ದು ಬಂದೂಕು ಹಿಡಿದವರಲ್ಲ, ಟೈ ಕಟ್ಟಿದವರು. ಗಿರಾಕಿಗಳಿಗೆ ಆಸೆ ತೋರಿಸಿ ಮ್ಯೂಚುವಲ್ ಫಂಡ್ ಹೆಸರಲ್ಲಿ ದುಡ್ಡು ಹಾಕಿಸಿ ಮುಳುಗಿಸಿದವರು.

ಬೈಂದೂರಲ್ಲಿರುವ ಚಿಕ್ಕಪ್ಪನ ಮಗ, ಡಿಗ್ರಿ ಓದುವವನು, ಅವನ ತೀರ್ಪು ಒಂದೇ ಸಾಲು: "ಅಣ್ಣ, ಇಂಟರ್ವಲ್ ವರೆಗೆ ಬೆಂಕಿ. ಆಮೇಲೆ ಎಕನಾಮಿಕ್ಸ್ ಕ್ಲಾಸ್." ಇದು ಅವನೊಬ್ಬನ ಅಭಿಪ್ರಾಯ ಅಲ್ಲ, ನಾನು ಕೇಳಿದ ಮುಕ್ಕಾಲು ಜನ ಇದನ್ನೇ ಹೇಳಿದರು. ಮೊದಲರ್ಧದಲ್ಲಿ ಅಜಿತ್ ಒತ್ತೆಯಾಳುಗಳ ನಡುವೆ ಮೂನ್‌ವಾಕ್ ಮಾಡ್ತಾನೆ, ಪೊಲೀಸರನ್ನು ಗೇಲಿ ಮಾಡ್ತಾನೆ, ವಿಲನ್ ಥರ ನಗ್ತಾನೆ. ಬಿಳಿ ಗಡ್ಡ, ಕೂಲಿಂಗ್ ಗ್ಲಾಸ್, ಲೆಕ್ಕವಿಲ್ಲದಷ್ಟು ಗುಂಡು. ಒಬ್ಬ ಸ್ಟಾರ್ ಒಳ್ಳೆಯವನಾಗುವ ಜವಾಬ್ದಾರಿ ಬಿಟ್ಟು ಆಟಕ್ಕೆ ಇಳಿದಾಗ ಸಿಗುವ ಮಜಾ ಅದರಲ್ಲಿದೆ, ಸುಳ್ಳು ಹೇಳಬಾರದು.

ಬ್ರಹ್ಮಾವರದ ದೊಡ್ಡಪ್ಪ ಬ್ಯಾಂಕಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದು ನಿವೃತ್ತರಾದವರು. ಅವರಿಗೆ ಹಿಡಿಸದೇ ಇದ್ದದ್ದು ಸರಿಯಾಗಿ ಆ ಮೊದಲರ್ಧವೇ. "ಸ್ಟ್ರಾಂಗ್ ರೂಮ್ ಕೀ ಒಬ್ಬನ್ ಹತ್ರ ಇಪ್ಪುದಲ್ಲ ಮಗಾ" ಅಂತ ಶುರು ಮಾಡಿದರು. ಎರಡು ಕೀ, ಇಬ್ಬರು ಅಧಿಕಾರಿಗಳು, ಇಬ್ಬರೂ ನಿಂತರೆ ಮಾತ್ರ ಬಾಗಿಲು ತೆರೆಯೋದು. ಒಂದು ಶಾಖೆ ಎಷ್ಟು ನಗದು ಇಟ್ಟುಕೊಳ್ಳಬಹುದು ಅನ್ನೋದಕ್ಕೂ ಮಿತಿ ಇದೆ. ಹೆಚ್ಚಾದದ್ದು ಕರೆನ್ಸಿ ಚೆಸ್ಟಿಗೆ ಹೋಗಬೇಕು. 500 ಕೋಟಿ ಒಂದು ಶಾಖೆಯಲ್ಲಿ ಹೇಗೆ ಕೂತಿತ್ತು? ಅದು ಅಕ್ರಮದ ದುಡ್ಡು ದೊಡ್ಡಪ್ಪ, ಅದಕ್ಕೇ ಅಲ್ವಾ ಕತೆ ಅಂದೆ. "ಅಕ್ರಮ ಆದ್ರೂ ಇಡೂಕೆ ಜಾಗ ಬೇಕಲ್ದಾ" ಅಂದರು.

ಆದರೆ ಎಲ್ಲರೂ ಬೋರ್ ಅಂದ ಎರಡನೇ ಅರ್ಧವನ್ನು ಅವರು ಅಲುಗಾಡದೆ ನೋಡಿದ್ದಾರೆ. ಎಫ್‌ಡಿ ಮಾಡಿಸೋಕೆ ಬಂದ ವಯಸ್ಸಾದವರು ಇನ್ಶೂರೆನ್ಸ್ ಪಾಲಿಸಿ ಹಿಡ್ಕೊಂಡು ಮನೆಗೆ ಹೋಗೋದನ್ನ ಅವರು ಕೌಂಟರಿನ ಒಳಗಿಂದ ಕಂಡವರು. ಮೇಲಿಂದ ಟಾರ್ಗೆಟ್, ಕೆಳಗೆ ಗುರುತಿನ ಗಿರಾಕಿ. "ನಮ್ಮ ಮುಖ ನೋಡಿ ಸೈನ್ ಹಾಕ್ತಿದ್ರ್, ಓದಿ ಅಲ್ಲ" ಅಂದರು. ಆಮೇಲೆ ಆ ವಿಷಯ ಮುಂದುವರಿಸಲಿಲ್ಲ.

ನಾನು ದೊಡ್ಡಪ್ಪನ ಪಾರ್ಟಿ, ಆದರೆ ಪೂರ್ತಿ ಅಲ್ಲ. ಸಿನಿಮಾ ಮ್ಯೂಚುವಲ್ ಫಂಡನ್ನೇ ಕಳ್ಳತನ ಅನ್ನುವ ಹಾಗೆ ತೋರಿಸೋದು ಸರಿಯಿಲ್ಲ. ಸೆಬಿ ನಿಯಮದ ಪ್ರಕಾರ ಫಂಡಿನ ಷೇರು, ಬಾಂಡುಗಳು ಬೇರೆಯೇ ಒಂದು ಕಸ್ಟೋಡಿಯನ್ ಸಂಸ್ಥೆಯಲ್ಲಿರುತ್ತವೆ. ಬ್ಯಾಂಕಿನ ಚೇರ್ಮನ್ ಮನಸ್ಸು ಬಂದಾಗ ಎತ್ತಿ ಜೇಬಿಗೆ ಹಾಕಿಕೊಳ್ಳುವ ಡಬ್ಬಿ ಅಲ್ಲ ಅದು. ಮೋಸ ಇರೋದು ಮಾರುವ ರೀತಿಯಲ್ಲಿ: ರಿಸ್ಕ್ ಮುಚ್ಚಿಟ್ಟು, "ಎಫ್‌ಡಿ ಥರಾನೇ ಸರ್" ಅನ್ನೋದರಲ್ಲಿ. ಆ ಒಂದು ವಾಕ್ಯವನ್ನು ಹಿಡಿದಿದ್ದಕ್ಕೆ ವಿನೋದ್‌ಗೆ ಫುಲ್ ಮಾರ್ಕ್ಸ್. ಆದರೆ ಅದನ್ನು ಹೇಳೋಕೆ ಅಜಿತ್ ಬೇಕಾಯ್ತು, ತೊಂದರೆ ಇರೋದು ಅಲ್ಲೇ. ಸ್ಟಾರ್ ಮಾತಾಡೋಕೆ ಶುರು ಮಾಡಿದ ಕೂಡಲೇ ದುಡ್ಡು ಕಳಕೊಂಡವರೆಲ್ಲ ಹಿಂದೆ ನಿಂತ ಜನಜಂಗುಳಿ ಆಗಿಬಿಡ್ತಾರೆ. ಅವರ ಒಂದು ಮುಖವೂ ನೆನಪಲ್ಲಿ ಉಳಿಯೋದಿಲ್ಲ, ಕೂಲಿಂಗ್ ಗ್ಲಾಸ್ ಉಳಿಯುತ್ತದೆ.

ಎಲ್ಲರ ವಿಮರ್ಶೆ ಒಂದು ಕಡೆಯಾದರೆ ಕುಂದಾಪುರದ ಅತ್ತೆಯ ಪ್ರಶ್ನೆ ಇನ್ನೊಂದು ಕಡೆ. ಅವರು ಮಗಳ ಫೋನಲ್ಲಿ ನೋಡಿ ಮುಗಿಸಿ ಕೇಳಿದ್ದು ಇಷ್ಟು: "ಅಲ್ದಾ, ಇವ್ರೆಲ್ಲ ದುಡ್ಡ್ ದುಡ್ಡ್ ಅಂತ್ರ್. ಒಳ್ಗೆ ಅಡವಿಟ್ಟ ಬಂಗಾರ ಎಂತ ಆಯ್ತ್?"

ನಗಬೇಡಿ. ನಮ್ಮ ಕಡೆ ಬ್ಯಾಂಕ್ ಅಂದರೆ ಎಷ್ಟೋ ಹೆಂಗಸರಿಗೆ ಮೊದಲು ನೆನಪಾಗೋದು ಅದೇ. ಜೂನ್ ಬಂತೆಂದರೆ ಶಾಲೆ ಫೀಸು. ಗಂಗೊಳ್ಳಿ, ಮರವಂತೆ ಕಡೆ ಮೀನುಗಾರಿಕೆಯವರಿಗೆ ಜೂನ್, ಜುಲೈ ಸೇರಿ 61 ದಿನ ಯಾಂತ್ರಿಕ ಬೋಟಿಗೆ ರಜೆ. ಬಳೆ ಬ್ಯಾಂಕಿಗೆ ಹೋಗುತ್ತದೆ, ತೂಕ ಆಗುತ್ತದೆ, ಚೀಲದಲ್ಲಿ ಸೀಲ್ ಆಗುತ್ತದೆ, ಕೈ ಸ್ವಲ್ಪ ಸರಾಗ ಆದಾಗ ವಾಪಸ್ ಬರುತ್ತದೆ. ಸಿನಿಮಾದ ಕಳ್ಳ ಹೊತ್ತೊಯ್ಯುವ ನೋಟಿನ ಕಟ್ಟಿಗೆ ಯಾರ ಹೆಸರೂ ಇರೋದಿಲ್ಲ, ಹಾಗಾಗಿ ನಾವು ಶಿಳ್ಳೆ ಹಾಕಬಹುದು. ಆ ಚೀಲಕ್ಕೆ ಹೆಸರಿದೆ.

ಅತ್ತೆ ಕೇಳಿದ್ದು ಎಷ್ಟು ಸರಿ ಅಂತ ನಮ್ಮ ರಾಜ್ಯದ ನಿಜವಾದ ದರೋಡೆಗಳನ್ನೇ ನೋಡಿ. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆ ನ್ಯಾಮತಿಯ ಎಸ್‌ಬಿಐನಿಂದ ಹೋದದ್ದು 17 ಕೆ.ಜಿ.ಗೂ ಹೆಚ್ಚು ಬಂಗಾರ. 2025ರ ಜನವರಿ 17ಕ್ಕೆ ಹಾಡಹಗಲೇ ತಲಪಾಡಿ ಸಮೀಪ ಕೆ.ಸಿ. ರೋಡಿನ ಕೋಟೆಕಾರು ಸಹಕಾರಿ ಸಂಘದ ಶಾಖೆಯಲ್ಲಿ ಆಯುಧ ತೋರಿಸಿ ದೋಚಿದ್ದರಲ್ಲೂ ಬಹುಪಾಲು ಬಂಗಾರವೇ. ಅದೇ ವರ್ಷ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕೆ.ಜಿ. ಬಂಗಾರ ಹೋಯಿತು. ಆ ಪ್ರಕರಣದಲ್ಲಿ ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯಲ್ಲಿ ಮೊದಲು ಮ್ಯಾನೇಜರ್ ಆಗಿದ್ದವರೂ ಇದ್ದರು. ದೊಡ್ಡಪ್ಪನ ಎರಡು ಕೀ ಥಿಯರಿ ಅಲ್ಲಿಗೆ ಬಂದು ಸುಮ್ಮನೆ ನಿಂತುಬಿಡ್ತದೆ.

ಇವುಗಳಲ್ಲಿ ನನ್ನನ್ನು ಕಾಡೋದು ನ್ಯಾಮತಿ. ಪೊಲೀಸರು ಹೇಳಿದ ಪ್ರಕಾರ ಮುಖ್ಯ ಆರೋಪಿಗೆ ಬ್ಯಾಂಕ್ ಸಾಲ ಕೊಟ್ಟಿರಲಿಲ್ಲ. ಆ ಸಿಟ್ಟಿನಲ್ಲಿ ಪ್ಲಾನ್ ಮಾಡಿದ, ಅದಕ್ಕೆ 'ಮನಿ ಹೀಸ್ಟ್' ಸೀರೀಸ್ ನೋಡಿದ, ಯೂಟ್ಯೂಬ್ ನೋಡಿದ. ಕೊನೆಗೆ ಬಂಗಾರ ಸಿಕ್ಕಿದ್ದು ತಮಿಳುನಾಡಿನ ಮದುರೈ ಕಡೆಯ ಒಂದು ಬಾವಿಯಲ್ಲಿ. ಸ್ಕ್ರಿಪ್ಟ್ ಆಗಿ ಬರೆದರೆ ಇದು 'ತುನಿವು'ವಿನ ಹೀರೋ ಕತೆಯೇ: ಬ್ಯಾಂಕ್ ಅನ್ಯಾಯ ಮಾಡಿತು, ನಾನು ಬ್ಯಾಂಕಿಗೆ ಬುದ್ಧಿ ಕಲಿಸ್ತೇನೆ. ಒಬ್ಬ ಒಳ್ಳೇ ಸ್ಟಾರ್ ಸಿಕ್ಕಿದರೆ ಇಂಟರ್ವಲ್‌ಗೆ ಥಿಯೇಟರ್ ಎದ್ದು ನಿಲ್ತದೆ. ಆದರೆ ಸಿಟ್ಟು ಬಂದದ್ದು ಬ್ಯಾಂಕಿನ ಮೇಲೆ, ಹೋದದ್ದು ಆ ಊರಿನವರು ಅಡವಿಟ್ಟ ಸರ, ಬಳೆ.

ಬ್ಯಾಂಕ್ ಪರಿಹಾರ ಕೊಡೋದಿಲ್ವಾ ಅಂತ ಕೇಳಬಹುದು. ಅಡವಿನ ಬಂಗಾರ ಕಳೆದರೆ ಬ್ಯಾಂಕ್ ಹೊಣೆ, ಸರಿ. ಆದರೆ ಬೆಲೆ ಕಟ್ಟಿ ದುಡ್ಡು ಕೊಡಬಹುದೇ ಹೊರತು ಅಬ್ಬಿಯ ಮದುವೆಯ ಬಳೆಯನ್ನೇ ಕೊಡೋದಕ್ಕೆ ಆಗೋದಿಲ್ಲ. ಲಾಕರ್ ಆದರೆ ಇನ್ನೂ ಬಿಗಿ: 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಕಳ್ಳತನ, ಬೆಂಕಿ, ಸಿಬ್ಬಂದಿ ಮೋಸ ಇಂಥದ್ದಕ್ಕೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಬಾಡಿಗೆ 2,000 ರೂಪಾಯಿ ಆದರೆ ಪರಿಹಾರ ಹೆಚ್ಚೆಂದರೆ 2 ಲಕ್ಷ. ಈಗಿನ ರೇಟಿಗೆ ಅದರಲ್ಲಿ ಎಷ್ಟು ಪವನ್ ಬರ್ತದೆ ಅಂತ ಮನೆಯಲ್ಲಿ ಕೇಳಿ ನೋಡಿ, ನಿಮಗಿಂತ ಬೇಗ ಲೆಕ್ಕ ಹೇಳ್ತಾರೆ.

ಇದನ್ನೆಲ್ಲ ಗ್ರೂಪಲ್ಲಿ ಹಾಕಿದೆ. ಬೈಂದೂರಿನ ತಮ್ಮ "ಅಣ್ಣ, ನೀನೂ ಸೆಕೆಂಡ್ ಹಾಫ್ ಆದೆ" ಅಂತ ಬರೆದ. ಅತ್ತೆ ಮಾತ್ರ ಮರುದಿನ ಮಗಳನ್ನು ಕರಕೊಂಡು ಬ್ಯಾಂಕಿಗೆ ಹೋಗಿ, ಅಡವಿನ ರಸೀದಿಯಲ್ಲಿ ತೂಕ ಬರೆದದ್ದು ಸರಿ ಉಂಟಾ ಅಂತ ಕೇಳಿ ಬಂದಿದ್ದಾರೆ. ಸರಿ ಇತ್ತಂತೆ. ಸಿನಿಮಾ ಹೇಗಿತ್ತು ಅಂತ ಕೇಳಿದರೆ, "ಅವ ಕುಣಿದದ್ದ್ ಲಾಯ್ಕ್ ಇತ್ತ್" ಅಂದರು.